ಗೆದ್ದವರ ಕ್ಯಾಮೆರಾ, ಸೋತವರ ಕಾಟಕಾಯಿ

ಯುದ್ಧದ ಸಿನಿಮಾ ನೋಡುವಾಗ ನಾನು ಮೊದಲು ಗಮನಿಸುವುದು, ಕ್ಯಾಮೆರಾ ಯಾರ ಕಡೆ ನಿಂತಿದೆ ಅಂತ. ಗೆದ್ದವನ ಮುಖ ಹತ್ತಿರದಿಂದ ಕಾಣುತ್ತದೆ. ಅವನಿಗೆ ಹೆಸರಿದೆ, ಊರಿದೆ, ದಾರಿ ಕಾಯುವ ತಾಯಿ ಇದ್ದಾಳೆ. ಸೋತವನು ದೂರದಲ್ಲಿ ಓಡಿ ಬಂದು ಗುಂಡು ತಗುಲಿದ ಕೂಡಲೇ ಉರುಳುವವನು, ಅಷ್ಟೆ. ಸಾಕ್ಷ್ಯಚಿತ್ರವಾದರೆ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ ಅಂತ ನಾವು ನಂಬುತ್ತೇವೆ. ಆದರೆ ಎರಡನೇ ಮಹಾಯುದ್ಧದ ಹಳೆಯ ದೃಶ್ಯಗಳಲ್ಲಿ ಬಹಳಷ್ಟನ್ನು ತೆಗೆದವರು ಆಯಾ ಸೈನ್ಯದ ಕ್ಯಾಮೆರಾದವರೇ. ಅವರು ನಿಂತಲ್ಲಿಂದಲೇ ನಾವೂ ನೋಡಬೇಕು.

ಕ್ಯಾಮೆರಾ ಇಲ್ಲದ ಕಾಲದಲ್ಲಿ ಈ ಕೆಲಸವನ್ನು ಹೆಸರೇ ಮಾಡುತ್ತಿತ್ತು. ನಮ್ಮ ಪಂಜ, ಸುಳ್ಯ, ಬೆಳ್ಳಾರೆ ಕಡೆ 1837ರ ಹೋರಾಟವನ್ನು ಜನ ತಲೆಮಾರುಗಳ ಕಾಲ ಕರೆದದ್ದು ‘ಕಲ್ಯಾಣಪ್ಪನ ಕಾಟಕಾಯಿ’ ಅಂತ. ಕಾಟಕಾಯಿ ಅಂದರೆ ಲೂಟಿ, ದರೋಡೆ. ಸೋತವರ ಮಕ್ಕಳು ಮೊಮ್ಮಕ್ಕಳ ಬಾಯಲ್ಲೂ ಗೆದ್ದವರ ಮಾತೇ ಉಳಿಯಿತು ನೋಡಿ!

ಆದದ್ದೇನು? 1834ರಲ್ಲಿ ಕಂಪನಿ ಸರಕಾರ ಚಿಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡಿತು. ಕೊಡಗಿನ ಅರಸರ ಕೈಯಲ್ಲಿದ್ದ ಸುಳ್ಯ, ಪುತ್ತೂರು ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿವರೆಗೆ ಬೆಳೆದದ್ದರಲ್ಲೇ ತೀರುವೆ ಕೊಡುತ್ತಿದ್ದ ರೈತ ಇನ್ನು ನಗದು ಕಟ್ಟಬೇಕಾಯಿತು. ಗದ್ದೆಯಲ್ಲಿ ಬತ್ತ ಇದೆ, ಕೈಯಲ್ಲಿ ಹಣ ಇಲ್ಲ. ಸಿಟ್ಟು ಹೊತ್ತಿಕೊಂಡದ್ದು ಅಲ್ಲಿ. ಕೆದಂಬಾಡಿ ರಾಮಯ್ಯ ಗೌಡರಂಥವರು ಮುಂದೆ ನಿಂತರು. ಪುಟ್ಟಬಸಪ್ಪನನ್ನು ಕೊಡಗಿನ ರಾಜವಂಶದ ಕಲ್ಯಾಣಸ್ವಾಮಿ ಅಂತ ಮುಂದಿಟ್ಟುಕೊಂಡು ಜನ ಸೇರಿಸಿದರು. ಬೆಳ್ಳಾರೆಯ ಖಜಾನೆ ಕೈವಶವಾಯಿತು. ಏಪ್ರಿಲ್ 5ಕ್ಕೆ ಮಂಗಳೂರು ಸಿಕ್ಕಿತು. 13 ದಿನ ಆಳಿದರು ಅಂತ ಹೇಳುತ್ತಾರೆ. ಆಮೇಲೆ ಕಂಪನಿಯ ಪಡೆ ಬಂತು, ನೇಣುಗಂಬ ಎದ್ದಿತು.

ದಂಗೆ ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪನಿ ಪದಕ ಕೊಟ್ಟಿತು. ಅದರ ಮೇಲೆ ಆಯುಧ ಹಿಡಿದ ಕೊಡವ ಯೋಧನ ಚಿತ್ರ. ನನಗದು ಆ ಕಾಲದ ಸಾಕ್ಷ್ಯಚಿತ್ರದ ಹಾಗೆ ಕಾಣುತ್ತದೆ. ಗೆದ್ದ ಕಡೆಯವನಿಗೆ ಲೋಹದಲ್ಲಿ ಚಿತ್ರ ಸಿಕ್ಕಿತು, ಸೋತವನಿಗೆ ‘ಕಾಟಕಾಯಿ’ ಎಂಬ ಹೆಸರು.

ಸೋತವರಿಗೆ ಮುಖ ಕೊಡಲು ಬಹಳ ಕಾಲ ಹಿಡಿಯಿತು. ಕುಳ್ಕುಂದದ ನಿರಂಜನ ‘ಕಲ್ಯಾಣಸ್ವಾಮಿ’ ಕಾದಂಬರಿ ಬರೆದರು. ಈಗ ‘ಅಮರ ಸುಳ್ಯ’ ಎಂಬ ಹೆಸರು ಬಳಕೆಗೆ ಬಂದಿದೆ. 2022ರ ನವೆಂಬರಿನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆಯೂ ನಿಂತಿತು. ಒಳ್ಳೆಯದೇ ಆಯಿತು. ಆದರೆ ಒಂದು ಅಳುಕಿದೆ. ಸೋತವರ ಕತೆ ಹೇಳಲು ಹೊರಟ ನಮ್ಮ ಸಿನಿಮಾಗಳು ಸಾಮಾನ್ಯವಾಗಿ ಮಾಡುವುದೇನು? ಗೆದ್ದವರ ವೇಷವನ್ನೇ ಸೋತವರಿಗೆ ತೊಡಿಸುವುದು. ನಾಯಕ ಒಬ್ಬನೇ ನೂರು ಸಿಪಾಯಿಗಳನ್ನು ಉರುಳಿಸುತ್ತಾನೆ, ಬಿಳಿಯ ಅಧಿಕಾರಿ ತೊದಲುಗನ್ನಡದಲ್ಲಿ ಗುಡುಗುತ್ತಾನೆ. ಈಗ ಮುಖವಿಲ್ಲದೆ ಉರುಳುವ ಸರದಿ ಆ ಸಿಪಾಯಿಗಳದ್ದು.

2006ರಲ್ಲಿ ಅಮೆರಿಕದ ಕ್ಲಿಂಟ್ ಈಸ್ಟ್‌ವುಡ್ ಇವೊ ಜಿಮಾ ಎಂಬ ಒಂದೇ ಕದನದ ಮೇಲೆ ಎರಡು ಸಿನಿಮಾ ಮಾಡಿದ. ಒಂದು ಗೆದ್ದ ಅಮೆರಿಕನ್ನರದು, ಇನ್ನೊಂದು ಸೋತ ಜಪಾನೀಯರದು. ಎರಡನೆಯದರಲ್ಲಿ ಮಾತೆಲ್ಲ ಹೆಚ್ಚುಕಡಿಮೆ ಜಪಾನಿಯೇ. ಗೆದ್ದ ದೇಶದವನೊಬ್ಬ ಸೋತವನ ಭಾಷೆಯಲ್ಲೇ ಅವನ ಭಯವನ್ನು ಕೇಳಿಸಿದ.

ಅಮರ ಸುಳ್ಯದ ಮೇಲೆ ಯಾರಾದರೂ ಅಂಥ ಸಿನಿಮಾ ಮಾಡುವುದಾದರೆ ಕತ್ತಿ, ಕುದುರೆ ಕಡಿಮೆಯಾದರೂ ಪರವಾಗಿಲ್ಲ. ನಗದು ಹೊಂದಿಸಲಾಗದೆ ಸಾಲಕ್ಕೆ ಅಲೆಯುವ ರೈತ ಇರಲಿ. ಪುಟ್ಟಬಸಪ್ಪ ಇನ್ನೊಬ್ಬನ ಹೆಸರು ಹೊತ್ತದ್ದನ್ನು ಮುಚ್ಚುವುದು ಬೇಡ. ಆ ಹೆಸರಿಗೆ ಜನ ಯಾಕೆ ಓಗೊಟ್ಟರು ಅಂತ ತೋರಿಸಲಿ. ಪದಕ ಪಡೆದವನಿಗೂ ಅವನದೇ ಒಂದು ಕಾರಣ ಇದ್ದಿರಬೇಕು, ಅದನ್ನೂ ಕೇಳೋಣ. ಪ್ರತಿಮೆಗೆ ಹಾರ ಹಾಕಿ ತೀರುವೆಯ ಮಾತು ಮರೆತರೆ, ಆ ಜನ ಎರಡನೇ ಸಲ ಸೋತ ಹಾಗೆ ಅಲ್ವಾ?