ವಿಯೆನ್ನಾದಿಂದ ಗೋವೆಗೆ: ರಹಸ್ಯಚಿತ್ರಗಳಲ್ಲಿ ಪರದೇಶದ ಕಲ್ಪನೆ

ಎರಡನೆಯ ಮಹಾಯುದ್ಧಾನಂತರದ ಬ್ರಿಟಿಷ್ ರಹಸ್ಯಚಿತ್ರಗಳಲ್ಲಿ ಅಗ್ರಗಣ್ಯವಾದುದು 1949ರ ‘ದಿ ಥರ್ಡ್ ಮ್ಯಾನ್’. ಇದರ ಚಿತ್ರಕಥೆ ಗ್ರಹಾಂ ಗ್ರೀನರದು; ನಿರ್ದೇಶನ ಕ್ಯಾರಲ್ ರೀಡರದು. ಬ್ರಿಟನ್, ಅಮೆರಿಕ, ಫ್ರಾನ್ಸ್, ಸೋವಿಯತ್ ಒಕ್ಕೂಟಗಳು ಹಂಚಿಕೊಂಡು ಆಳುತ್ತಿದ್ದ ವಿಯೆನ್ನಾ ನಗರವೇ ಕಥಾಭೂಮಿ. ಕದ್ದ ಪೆನಿಸಿಲಿನ್ನನ್ನು ತೆಳುಗೊಳಿಸಿ ಕಾಳಸಂತೆಯಲ್ಲಿ ಮಾರುವ ಪಾತಕಿಯನ್ನು ಅಲ್ಲಿ ಬೆನ್ನಟ್ಟುವವನು ಬ್ರಿಟಿಷ್ ಸೇನಾಧಿಕಾರಿ. ಪರರ ನೆಲದಲ್ಲಿ ನ್ಯಾಯ ನಡೆಸುವ ಅಧಿಕಾರ ಯಾರದು? ನಮ್ಮ ವಿಚಾರಕ್ಕೆ ಮುಖ್ಯವಾದುದು ಈ ಪ್ರಶ್ನೆ.

1962ರ ‘ಡಾಕ್ಟರ್ ನೋ’ ಚಿತ್ರದಲ್ಲಿ ಇದೇ ಪ್ರಶ್ನೆ ಬೇರೊಂದು ರೂಪ ತಾಳುತ್ತದೆ. ಕಥೆ ನಡೆಯುವುದು ಜಮೈಕದಲ್ಲಿ. ಆ ದ್ವೀಪ ಸ್ವತಂತ್ರವಾದುದು ಅದೇ ವರ್ಷದ ಆಗಸ್ಟಿನಲ್ಲಿ. ಚಿತ್ರ ಬಿಡುಗಡೆಯಾದುದು ಅಕ್ಟೋಬರಿನಲ್ಲಿ. ಜೇಮ್ಸ್ ಬಾಂಡನು ಹಿಂದೆಗೆಯುತ್ತಿದ್ದ ಸಾಮ್ರಾಜ್ಯದ ಅಧಿಕಾರಿ.

ಈ ಮಾದರಿಯನ್ನು ಕನ್ನಡಕ್ಕೆ ತಂದವರು ದೊರೈ-ಭಗವಾನ್. 1968ರ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಅವರು ಸಿ.ಐ.ಡಿ. 999 ಆಗಿ ಕಾಣಿಸಿಕೊಂಡರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ತೆರೆಕಂಡವು. ಇವು ಬಾಂಡ್ ಚಿತ್ರಗಳ ಅನುಕರಣೆಗಳೆಂಬ ಮಾತು ವಾಡಿಕೆಯಲ್ಲಿದೆ. ಅಂಕಿಯನ್ನೇ ಹೆಸರಾಗಿ ಧರಿಸಿದ ನಾಯಕ ಅಲ್ಲಿಂದ ಬಂದವನೆಂಬುದು ನಿರ್ವಿವಾದ. ಆದರೆ ಗೋವೆಯ ಆಯ್ಕೆಯನ್ನು ಅನುಕರಣೆಯಿಂದ ಮಾತ್ರ ವಿವರಿಸಲಾಗದೆಂದು ನಮ್ಮ ಅಭಿಪ್ರಾಯ.

ರಾಜಾಜಿನಗರದಂತಹ ಹೊಸ ಬಡಾವಣೆಯ ಪ್ರೇಕ್ಷಕನಿಗೆ ವಿಯೆನ್ನಾ, ಜಮೈಕಗಳೆರಡೂ ಕೇಳಿದ ಹೆಸರುಗಳಷ್ಟೆ. ಗೋವೆಯಾದರೋ ನೆರೆಯ ನೆಲ. ಆದರೂ ಅಂದಿಗೆ ಕೆಲವೇ ವರ್ಷಗಳ ಹಿಂದಿನವರೆಗೆ ಅದು ಪರದೇಶವಾಗಿತ್ತು. 1956ರ ನವೆಂಬರ್ 1ರಂದು ಉತ್ತರ ಕನ್ನಡ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿದಾಗ, ಪೋರ್ಚುಗೀಸ್ ಗೋವೆಯ ಗಡಿಯೂ ಅದರೊಡನೆ ಬಂದಿತು. 1961ರ ಡಿಸೆಂಬರಿನಲ್ಲಿ ಭಾರತದ ಸೇನೆ ಗೋವೆಯನ್ನು ವಿಮೋಚನೆಗೊಳಿಸುವವರೆಗೆ, ಅಂದರೆ ಐದು ವರ್ಷಗಳಿಗೂ ಮಿಕ್ಕಿ, ನಮ್ಮ ರಾಜ್ಯಕ್ಕೆ ಅಂತರರಾಷ್ಟ್ರೀಯ ಭೂಗಡಿಯೊಂದಿತ್ತು. ಕಾರವಾರದ ಬಳಿಯ ಮಾಜಾಳಿಯಾಚೆ ಹಾರುತ್ತಿದ್ದುದು ಬೇರೆ ಧ್ವಜ, ನಡೆಯುತ್ತಿದ್ದುದು ಬೇರೆ ಕಾನೂನು. ಆದರೆ ಕೊಂಕಣಿ ಭಾಷೆ ಎರಡು ಕಡೆಯೂ ಇತ್ತು. ಕರಾವಳಿಯ ಅನೇಕ ಸಾರಸ್ವತ ಕುಟುಂಬಗಳ ಕುಲದೇವತೆಗಳು ಗಡಿಯಾಚೆ ನೆಲೆಸಿದ್ದುವು. ಮನೆದೇವರಿರುವ ಊರೇ ಪರದೇಶವಾಗಿದ್ದ ಕಾಲವದು.

ವಿಮೋಚನೆಯೊಡನೆ ಎಲ್ಲ ಪ್ರಶ್ನೆಗಳೂ ತೀರಲಿಲ್ಲ. 1967ರ ಜನವರಿ 16ರಂದು ಗೋವೆಯ ಜನರು ಮಹಾರಾಷ್ಟ್ರದಲ್ಲಿ ವಿಲೀನವಾಗಲು ಒಪ್ಪದೆ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಲು ಮತವಿತ್ತರು. ಚಿತ್ರ ಬಂದುದು ಅದರ ಮರುವರ್ಷ. ಬಾಂಡನದು ನಿರ್ಗಮಿಸುತ್ತಿದ್ದ ಪ್ರಭುತ್ವ. 999ನದು ಆಗತಾನೇ ಪ್ರವೇಶಿಸಿದ ಪ್ರಭುತ್ವ. ಹೊರರೂಪ ಒಂದೇ ಆದರೂ ಇತಿಹಾಸದ ದಿಕ್ಕು ವಿರುದ್ಧವಾದುದು. ವಿಯೆನ್ನಾದ ಚಿತ್ರ ನಮ್ಮಲ್ಲಿ ಎಬ್ಬಿಸುವ ಅಧಿಕಾರದ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ, ಏಕೆಂದರೆ ಗೋವೆ ನಮ್ಮದು. ಆದರೆ ಯಾವುದು ‘ನಮ್ಮದು’ ಎಂಬುದನ್ನು ಅಲ್ಲಿಯ ಜನರೂ ಮತಪೆಟ್ಟಿಗೆಯ ಮೂಲಕ ಹೇಳಬಯಸಿದ್ದರೆಂಬುದನ್ನು ಚರಿತ್ರಕಾರನು ಮರೆಯಲಾಗದು.

1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರಕ್ಕಾಗಿ 999 ನೇಪಾಳಕ್ಕೆ ಹೋಗಬೇಕಾಯಿತು. ಅಷ್ಟರಲ್ಲಿ ಗೋವೆ ನಮಗೆ ಪರದೇಶವಾಗಿ ಉಳಿದಿರಲಿಲ್ಲ. ಗಡಿಯ ನೆನಪು ಎಂದು ಅಳಿಯಿತೆಂಬುದನ್ನು ದಾಖಲೆಪತ್ರಗಳು ಹೇಳಲಾರವು. ಜನಪ್ರಿಯ ಚಿತ್ರಗಳಲ್ಲಿ ಅದರ ಸುಳಿವು ದೊರೆಯುವುದುಂಟು.