ನೆಲದಲ್ಲಿ ಹೂತ ಹಂಡೆ

ರಾಜವಂಶಗಳ ಏಳುಬೀಳುಗಳನ್ನು ನಿಮಗೆ ಬೋಧಿಸಿದ ನಾನು, ಇಂದು ಒಂದು ಮಣ್ಣಿನ ಪಾತ್ರೆಯ ಇತಿಹಾಸವನ್ನು ಹೇಳಬಯಸುತ್ತೇನೆ. ಅದು ಮದ್ಯದ ಪಾತ್ರೆ. ಮದ್ಯದ ಪ್ರಶಂಸೆ ನನ್ನ ಉದ್ದೇಶವಲ್ಲವೆಂದು ಬಂಧುಗಳು ದಯವಿಟ್ಟು ತಿಳಿಯಬೇಕು.

ಕಪ್ಪು ಸಮುದ್ರದ ಪೂರ್ವಕ್ಕೆ, ಕಾಕಸಸ್ ಪರ್ವತಗಳ ಮಗ್ಗುಲಲ್ಲಿ ಜಾರ್ಜಿಯಾ ಎಂಬ ಪುಟ್ಟ ದೇಶವಿದೆ. ಅದರ ರಾಜಧಾನಿ ಟಿಬಿಲಿಸಿಯ ದಕ್ಷಿಣಕ್ಕೆ ಸುಮಾರು 50 ಕಿ.ಮೀ. ದೂರದ ಪ್ರಾಚೀನ ನೆಲೆಗಳಲ್ಲಿ ದೊರೆತ ಮಡಕೆಚೂರುಗಳನ್ನು ವಿದ್ವಾಂಸರು ಪರೀಕ್ಷಿಸಿ, ಅವುಗಳಲ್ಲಿ ದ್ರಾಕ್ಷಾಮದ್ಯದ ಕುರುಹುಗಳಿವೆಯೆಂದು 2017ರಲ್ಲಿ ಪ್ರಕಟಿಸಿದರು. ಆ ಚೂರುಗಳ ಕಾಲ ಕ್ರಿ.ಪೂ. 6000ದ ಆಸುಪಾಸು. ಇಂದಿಗೂ ಅಲ್ಲಿನ ಅನೇಕ ಗ್ರಾಮೀಣ ಕುಟುಂಬಗಳು ತಮಗೆ ಬೇಕಾದ ಮದ್ಯವನ್ನು ತಾವೇ ತಯಾರಿಸಿಕೊಳ್ಳುತ್ತವೆ.

ಅವರ ಪಾತ್ರೆಯ ಹೆಸರು ಕ್ವೇವ್ರಿ. ಮೊಟ್ಟೆಯಾಕಾರದ, ತಳ ಚೂಪಾದ ಈ ಹಂಡೆಯನ್ನು ಕತ್ತಿನವರೆಗೆ ನೆಲದಲ್ಲಿ ಹೂಳುತ್ತಾರೆ. ಒಳಮೈಗೆ ಜೇನುಮೇಣ ಸವರಿರುತ್ತಾರೆ. ಪ್ರತಿಯೊಂದು ಅಂಶಕ್ಕೂ ಕಾರಣವುಂಟು. ರಸ ಹುದುಗುವಾಗ ಶಾಖ ಹುಟ್ಟುತ್ತದೆ. ಸುತ್ತಲಿನ ಮಣ್ಣು ಅದನ್ನು ಹೀರಿ ಉಷ್ಣತೆಯನ್ನು ಹದದಲ್ಲಿಡುತ್ತದೆ. ಮೇಣವು ಮಣ್ಣಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಬೀಜಗಳು ಚೂಪು ತಳಕ್ಕೆ ಇಳಿದು ನಿಲ್ಲುವುದರಿಂದ ಮದ್ಯಕ್ಕೆ ಅತಿಯಾದ ಒಗರು ಬರುವುದಿಲ್ಲ. ಹುದುಗುವಿಕೆ ಮುಗಿದ ಮೇಲೆ ಬಾಯಿಗೆ ಕಲ್ಲುಮುಚ್ಚಳವಿಟ್ಟು ಮೆತ್ತಿ, ವಸಂತಕಾಲದವರೆಗೆ ಕಾಯುತ್ತಾರೆ.

ಇದನ್ನು ಆರಿಸಿಕೊಳ್ಳುವುದು ಸುಲಭದ ನಿರ್ಧಾರವಲ್ಲ. ಒಮ್ಮೆ ಹೂತರೆ ಕದಲಿಸುವಂತಿಲ್ಲ. ತೊಳೆಯುವುದು ಕಷ್ಟ, ದೊಡ್ಡ ಹಂಡೆಯಾದರೆ ಮನುಷ್ಯನೇ ಒಳಗಿಳಿಯಬೇಕು. ಕೊಳೆ ಉಳಿದರೆ ವರ್ಷದ ಶ್ರಮವೆಲ್ಲ ಹಾಳು. ಉಕ್ಕಿನ ತೊಟ್ಟಿಗೆ ಈ ತೊಡಕುಗಳಿಲ್ಲ. ಆದಕಾರಣವೇ ಸೋವಿಯತ್ ಆಡಳಿತದ ಬೃಹತ್ ಕಾರ್ಖಾನೆಗಳು ಕ್ವೇವ್ರಿಯನ್ನು ಬದಿಗಿರಿಸಿ, ಬಹುಪ್ರಮಾಣದ ಉತ್ಪಾದನೆಯ ಹಾದಿ ಹಿಡಿದವು. ಆ ದಶಕಗಳಲ್ಲಿ ಹಳೆಯ ವಿದ್ಯೆ ಮುಖ್ಯವಾಗಿ ರೈತರ ಮನೆಗಳಲ್ಲಿ, ಸ್ವಂತ ಬಳಕೆಗಾಗಿ ಉಳಿಯಿತು.

2006ರಲ್ಲಿ ರಷ್ಯಾ ಜಾರ್ಜಿಯಾದ ಮದ್ಯದ ಆಮದನ್ನು ನಿಷೇಧಿಸಿತು. ಅತಿದೊಡ್ಡ ಮಾರುಕಟ್ಟೆಯೇ ಮುಚ್ಚಿತು. ಬೇರೆ ದೇಶಗಳ ಗ್ರಾಹಕರನ್ನು ಅರಸಿ ಹೊರಟ ಜಾರ್ಜಿಯನ್ನರಿಗೆ, ಪ್ರಮಾಣದಲ್ಲಿ ಸ್ಪರ್ಧಿಸುವುದಕ್ಕಿಂತ ತಮ್ಮದೇ ಆದ ವೈಶಿಷ್ಟ್ಯವನ್ನು ತೋರಿಸುವುದು ಅಗತ್ಯವಾಯಿತು. ಆಗ ಒದಗಿಬಂದದ್ದು ಈ ಹೂತ ಹಂಡೆ. 2013ರಲ್ಲಿ ಯುನೆಸ್ಕೋ ಕ್ವೇವ್ರಿ ಪದ್ಧತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇತಿಹಾಸವನ್ನು ಅರಸರು, ಸರ್ಕಾರಗಳು ಮಾತ್ರ ಕಾಪಾಡುವುದಿಲ್ಲ. ಲಾಭದ ಲೆಕ್ಕ ಹಾಕದೆ, ಅಜ್ಜನ ಹಂಡೆಯನ್ನು ಪ್ರತಿವರ್ಷ ತೊಳೆದು ತುಂಬಿಸಿದ ಹೆಸರಿಲ್ಲದ ಗೃಹಸ್ಥರೂ ಕಾಪಾಡುತ್ತಾರೆ. ನಮ್ಮ ಪಠ್ಯಪುಸ್ತಕಗಳಲ್ಲಿ ಅವರಿಗೆ ಒಂದು ಪುಟವಾದರೂ ಸಲ್ಲಬೇಕೆಂದು ನನ್ನ ಅಭಿಪ್ರಾಯ.