ಪೆಲೆಟ್ ಒಲೆಯ ಮನೆದುರಸ್ತಿ: ಶಿವನಸಮುದ್ರದ ಆಸುಪಾಸಿನ ಉರುವಲಿನ ಹಿನ್ನೆಲೆಯಲ್ಲಿ ಒಂದು ಟಿಪ್ಪಣಿ

1. ವ್ಯಾಪ್ತಿ

ಕೃಷಿ ಉಳಿಕೆಯನ್ನು ಪುಡಿಮಾಡಿ ಒತ್ತಿ ತಯಾರಿಸಿದ ಗಟ್ಟಿ ತುಂಡುಗಳನ್ನು ಉರಿಸುವ, ಫ್ಯಾನ್ ಅಳವಡಿಸಿದ ಅಡುಗೆ ಒಲೆಯನ್ನು ಇಲ್ಲಿ ‘ಪೆಲೆಟ್ ಒಲೆ’ ಎಂದು ಕರೆಯಲಾಗಿದೆ. ಕರ್ನಾಟಕದಲ್ಲಿ ಮನೆಬಳಕೆಗೆಂದು ದೊಡ್ಡ ಪ್ರಮಾಣದಲ್ಲಿ ಮಾರಾಟವಾದ ಇಂಥ ಒಲೆ ‘ಊರ್ಜಾ’. ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ ಚಳಿಗಾಲದಲ್ಲಿ ಕೋಣೆ ಬೆಚ್ಚಗಿಡುವ ಪೆಲೆಟ್ ಒಲೆ ಬೇರೆಯದೇ ಯಂತ್ರ. ಹೋಲಿಕೆಗೆ ಬೇಕಾದಲ್ಲಿ ಮಾತ್ರ ಅದರ ಪ್ರಸ್ತಾಪವಿದೆ.

ಸ್ಥಳದ ಬಗ್ಗೆ ಒಂದು ಸ್ಪಷ್ಟನೆ ಅಗತ್ಯ. ಶಿವನಸಮುದ್ರದ ಗಗನಚುಕ್ಕಿ ಜಲಪಾತದ ನೋಟ ಸಿಗುವ ದಂಡೆ ಮತ್ತು ‘ಬ್ಲಫ್’ ವಿದ್ಯುದಾಗಾರ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿಗೆ ಸೇರುತ್ತವೆ. ಭರಚುಕ್ಕಿ ಜಲಪಾತದ ಕಡೆ ಕೊಳ್ಳೇಗಾಲ ತಾಲ್ಲೂಕು. ಅದು 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಈಗ ಚಾಮರಾಜನಗರ ಜಿಲ್ಲೆಯಲ್ಲಿದೆ. ಮುಂದೆ ಹೇಳುವ ಉರುವಲಿನ ವಿವರ ಮಳವಳ್ಳಿ–ಮದ್ದೂರು ಕಡೆಗೆ ಮಾತ್ರ ಸಂಬಂಧಿಸಿದ್ದು.

2. ಆಕರಗಳು

ಮುಖ್ಯ ಆಕರಗಳು ಎರಡು. ಮೊದಲನೆಯದು ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ಸಂಗಡಿಗರು 2010ರ ಮಾರ್ಚ್‌ನಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ. ಊರ್ಜಾ ಒಲೆಯನ್ನು ರೂಪಿಸಿದ ತಂಡವೇ ಬರೆದದ್ದರಿಂದ ಅಳತೆಗಳ ಮಟ್ಟಿಗೆ ಇದು ಅತ್ಯಂತ ಹತ್ತಿರದ ಸಾಕ್ಷ್ಯ. ಆದರೆ ಲೇಖಕರಲ್ಲಿ ಒಲೆ ಮಾರಿದ ಕಂಪನಿಯವರೂ ಇದ್ದಾರೆ. ಪ್ರಸಾರದ ಕುರಿತ ಭಾಗವನ್ನು ಓದುವಾಗ ಇದು ನೆನಪಿನಲ್ಲಿರಬೇಕು. ಎರಡನೆಯದು ಮಾರ್ಕ್ ಥರ್ಬರ್ ಮತ್ತು ಸಂಗಡಿಗರು 2014ರಲ್ಲಿ ‘ಎನರ್ಜಿ ಫಾರ್ ಸಸ್ಟೇನಬಲ್ ಡೆವಲಪ್‌ಮೆಂಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಮೀಕ್ಷೆ. ಇದು ಮಹಾರಾಷ್ಟ್ರ ಮತ್ತು ಕರ್ನಾಟಕದಲ್ಲಿ ಒಲೆ ಮಾರಾಟವಾದ ಪ್ರದೇಶಗಳ 998 ಮನೆಗಳನ್ನು ಆಧರಿಸಿದೆ. ಇದರ ಫಲಿತಾಂಶವನ್ನು ಶಿವನಸಮುದ್ರದ ಸುತ್ತಲಿನ ಮನೆಗಳಿಗೆ ನೇರವಾಗಿ ಅನ್ವಯಿಸುವಂತಿಲ್ಲ.

ಊರ್ಜಾ ಮಾರಾಟ 2006ರಲ್ಲಿ ಆರಂಭವಾಯಿತು. ಮೊದಲು ಬಿಪಿ ಕಂಪನಿಯ ಒಂದು ವಿಭಾಗ, 2009ರ ನಂತರ ಫಸ್ಟ್ ಎನರ್ಜಿ ಎಂಬ ಕಂಪನಿ ಒಲೆಯನ್ನೂ ಪೆಲೆಟ್ಟನ್ನೂ ಮಾರಿದವು. ಮಾರಾಟವಾದ ಒಲೆಗಳು 4 ಲಕ್ಷಕ್ಕೂ ಹೆಚ್ಚು. ಇದು ಮಾರಾಟದ ಸಂಖ್ಯೆಯೇ ಹೊರತು ಬಳಕೆಯದಲ್ಲ. ಎರಡನ್ನೂ ಒಂದೇ ಎಂಬಂತೆ ಉಲ್ಲೇಖಿಸುವ ರೂಢಿ ಸರಿಯಲ್ಲ.

3. ಅಳತೆ ಮತ್ತು ಕಾರ್ಯವಿಧಾನ

ಉರಿಗೂಡಿನ ವ್ಯಾಸ 100 ಮಿ.ಮೀ., ಆಳ 130 ಮಿ.ಮೀ. ಉರಿಯುವ ವೇಗ ನಿಮಿಷಕ್ಕೆ ಸುಮಾರು 12 ಗ್ರಾಂ, ದಕ್ಷತೆ ಶೇ. 50ರ ಆಸುಪಾಸು. ಈ ಅಳತೆಯ ಗೂಡಿನ ಗಾತ್ರ 1.02 ಲೀಟರ್ ಆಗುತ್ತದೆ. ಒಂದು ಭರ್ತಿಗೆ ಹಿಡಿಯುವ ಪೆಲೆಟ್ ಸುಮಾರು 600 ಗ್ರಾಂ. 12 ಗ್ರಾಂ ಲೆಕ್ಕದಲ್ಲಿ ಇದು 50 ನಿಮಿಷ ಉರಿಯಬೇಕು. ‘ಒಂದು ಗಂಟೆ’ ಎಂಬ ಪ್ರಚಲಿತ ಹೇಳಿಕೆಗೂ ಇದಕ್ಕೂ 10 ನಿಮಿಷದ ಅಂತರವಿದೆ. ಜ್ವಾಲೆ ಇಳಿದ ಮೇಲೆ ಉಳಿದ ಇದ್ದಿಲು ಇನ್ನಷ್ಟು ನಿಧಾನವಾಗಿ ಉರಿಯುವುದರಿಂದ ಈ ಅಂತರ ಬಂದಿರಬಹುದು.

ಬೆಂಕಿಯನ್ನು ಮೇಲ್ಗಡೆ ಹಚ್ಚಲಾಗುತ್ತದೆ. ತಳದ ಜಾಲರಿಯ ಮೂಲಕ ಬರುವ ಗಾಳಿಯಿಂದ ಪೆಲೆಟ್ ಅನಿಲವಾಗುತ್ತದೆ. ಗೂಡಿನ ಬಾಯಿಯ ಹತ್ತಿರದ ರಂಧ್ರಗಳಿಂದ ಬರುವ ಗಾಳಿ ಆ ಅನಿಲವನ್ನು ಉರಿಸುತ್ತದೆ. ಎರಡೂ ಗಾಳಿಯ ಮೂಲ ಒಂದೇ ಸಣ್ಣ ಫ್ಯಾನ್. ಫ್ಯಾನಿಗೆ ಚಾರ್ಜ್ ಮಾಡಬಹುದಾದ ಬ್ಯಾಟರಿ ಇದೆ. ಒಲೆಗೆ ಹೊಗೆಕೊಳವೆ ಇಲ್ಲ.

4. ಯಾವುದು ಮನೆಯಲ್ಲಿ ದುರಸ್ತಿಯಾಗುತ್ತದೆ

ಇಲ್ಲಿ ಹಿಂದಿನ ಅಸ್ತ್ರ ಒಲೆಯೊಂದಿಗೆ ಹೋಲಿಕೆ ಉಪಯುಕ್ತ. 1974ರಲ್ಲಿ ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ‘ಅಸ್ತ್ರ’ ಘಟಕ, ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕ್ಷೇತ್ರಕಾರ್ಯ ನಡೆಸಿ, 1980ರ ದಶಕದ ಆರಂಭದಲ್ಲಿ ಮೂರು ಪಾತ್ರೆ ಇಡಬಹುದಾದ ಸೌದೆ ಒಲೆಯನ್ನು ರೂಪಿಸಿತು. ಅದರ ಮೈ ಮಣ್ಣು, ಇಟ್ಟಿಗೆ. ಗಾಳಿ ಎಳೆಯುವುದು ಹೊಗೆಕೊಳವೆ. ಬಿರುಕು ಬಿಟ್ಟರೆ ಕೆಮ್ಮಣ್ಣು–ಸಗಣಿ ಮೆತ್ತಿ ಸಾರಿಸಿದರಾಯಿತು. ಕೊಳವೆಯ ಮಸಿ ಕೊಡವಲು ಒಂದು ಕೋಲು ಸಾಕು. ಇದಕ್ಕೆ ಪೇಟೆಯ ನೆರವು ಬೇಡ. ಕೆಡುವುದೂ ನಿಧಾನವಾಗಿಯೇ: ಸೌದೆ ಹೆಚ್ಚು ಬೇಕಾಗುತ್ತದೆ, ಹೊಗೆ ಹೆಚ್ಚುತ್ತದೆ, ಆದರೆ ಅಡುಗೆ ನಿಲ್ಲುವುದಿಲ್ಲ.

ಪೆಲೆಟ್ ಒಲೆಯಲ್ಲಿ ಹಾಗಲ್ಲ. ಫ್ಯಾನ್ ನಿಂತರೆ ಅನಿಲ ಉರಿಯದೆ ದಟ್ಟ ಬಿಳಿ ಹೊಗೆಯಾಗಿ ಅಡುಗೆಮನೆಗೇ ಬರುತ್ತದೆ. ಅನ್ನ ಅರ್ಧ ಬೆಂದ ಸ್ಥಿತಿಯಲ್ಲಿ ಹೀಗಾದರೆ ಏನು ಮಾಡಬೇಕೆಂಬುದಕ್ಕೆ ಒಲೆಯ ವಿನ್ಯಾಸದಲ್ಲಿ ಉತ್ತರವಿಲ್ಲ.

ಮನೆಯವರ ಕೈಗೆ ಎಟಕುವ ದುರಸ್ತಿಗಳು, ತತ್ವತಃ, ಮೂರು.

(ಅ) ಗೂಡಿನ ಒಳಮೈಗೆ ಮಣ್ಣು ಮೆತ್ತುವುದು. ಒಳಮೈ ಪಿಂಗಾಣಿಯಂಥ ವಸ್ತುವಿನದು, ಬಿರುಕು ಬಿಡಬಲ್ಲದು. ಸುತ್ತಲೂ 5 ಮಿ.ಮೀ. ಮಣ್ಣು ಮೆತ್ತಿದರೆ ವ್ಯಾಸ 90 ಮಿ.ಮೀ.ಗೆ ಇಳಿಯುತ್ತದೆ, ಗಾತ್ರ 0.83 ಲೀಟರ್, ಅಂದರೆ ಶೇ. 19ರಷ್ಟು ಕಡಿಮೆ. ಭರ್ತಿ 600 ಗ್ರಾಂನಿಂದ ಸುಮಾರು 486 ಗ್ರಾಂಗೆ, ಉರಿಯುವ ವೇಗ ಬದಲಾಗದಿದ್ದರೆ ಅವಧಿ 50ರಿಂದ 40 ನಿಮಿಷಕ್ಕೆ ಇಳಿಯುತ್ತದೆ. ಮಣ್ಣಿನ ಒಲೆಯಲ್ಲಿ ಇಷ್ಟು ಸಾರಿಸಿದರೆ ಯಾರ ಗಮನಕ್ಕೂ ಬರಲಾರದು.

(ಆ) ಫ್ಯಾನ್ ಬದಲಿಸುವುದು. ರೇಡಿಯೊ, ಮೊಬೈಲ್ ರಿಪೇರಿ ಮಾಡುವ ಅಂಗಡಿಯಲ್ಲಿ ಇದು ಅಸಾಧ್ಯವಲ್ಲ. ಹೊಸ ಫ್ಯಾನ್ ಹೆಚ್ಚು ಗಾಳಿ ಕೊಟ್ಟರೆ ಉರಿ ಜೋರಾಗುತ್ತದೆ, ಬೂದಿ ಕರಗಿ ಜಾಲರಿಗೆ ಅಂಟುವ ಸಂಭವ ಹೆಚ್ಚುತ್ತದೆ. ಕಡಿಮೆ ಕೊಟ್ಟರೆ ಹೊಗೆ.

(ಇ) ಉರುವಲನ್ನೇ ಬದಲಿಸುವುದು. ಇದನ್ನು ದುರಸ್ತಿ ಎನ್ನಬಹುದೇ ಎಂಬುದು ಚರ್ಚಾಸ್ಪದ. ಬಳಸುವವರ ದೃಷ್ಟಿಯಲ್ಲಿ ಬಹುಶಃ ಅನ್ನಬಹುದು. ಲೀಟರಿಗೆ 250 ಗ್ರಾಂ ತೂಗುವ ಸೌದೆ ಚೂರನ್ನು ತುಂಬಿದರೆ ಗೂಡು ಹಿಡಿಯುವುದು 255 ಗ್ರಾಂ, ಅಂದರೆ 21 ನಿಮಿಷದ ಉರಿ. ಮಧ್ಯದಲ್ಲಿ ಮೇಲಿನಿಂದ ಉರುವಲು ಸುರಿದರೆ ಮೇಲಿನಿಂದ ಕೆಳಕ್ಕೆ ಸರಿಯುವ ಉರಿಯ ಕ್ರಮವೇ ಕೆಡುತ್ತದೆ.

5. ಬೂದಿ

ಚಳಿ ದೇಶಗಳ ಪೆಲೆಟ್ ಒಲೆಯಲ್ಲಿ ಮಾಲೀಕರು ರಿಪೇರಿ ಮಾಡಿಕೊಳ್ಳುವುದು ಪೆಲೆಟ್ಟನ್ನು ತಳ್ಳುವ ತಿರುಪು, ಹೊತ್ತಿಸುವ ಕಡ್ಡಿ, ಹೊಗೆ ಹೊರದಬ್ಬುವ ಫ್ಯಾನ್ ಮುಂತಾದವನ್ನು. ಅಲ್ಲಿ ಬೂದಿ ಇಷ್ಟು ದೊಡ್ಡ ಸಮಸ್ಯೆಯಲ್ಲ. ಐಎಸ್ಒ 17225-2 ಮಾನಕದ ‘ಎ1’ ದರ್ಜೆಯ ಮರದ ಪೆಲೆಟ್ಟಿನಲ್ಲಿ ಬೂದಿ ಶೇ. 0.7 ಮೀರಬಾರದು, 600 ಗ್ರಾಂಗೆ 4.2 ಗ್ರಾಂ. ಕೃಷಿ ಉಳಿಕೆಯಲ್ಲಿ ಬೂದಿ ಶೇ. 10 ಎಂದಿಟ್ಟುಕೊಂಡರೆ ಅದೇ ಭರ್ತಿಗೆ 60 ಗ್ರಾಂ. ಬತ್ತದ ಹೊಟ್ಟಿನಲ್ಲಿ ಬೂದಿ ಶೇ. 20ರ ಸುತ್ತ, ಅದೊಂದರಿಂದಲೇ ಪೆಲೆಟ್ ಮಾಡಿದರೆ 120 ಗ್ರಾಂ. ದಿನಕ್ಕೆರಡು ಬಾರಿ ಒಲೆ ಹಚ್ಚುವ ಮನೆಯಲ್ಲಿ ಜಾಲರಿ ಬಿಡಿಸುವ ಕೆಲಸ ದಿನಚರಿಯೇ ಆಗುತ್ತದೆ.

6. ಮಳವಳ್ಳಿ–ಮದ್ದೂರಿನ ‘ತ್ಯಾಜ್ಯ’

ಪೆಲೆಟ್ಟಿನ ಅರ್ಥಶಾಸ್ತ್ರ ನಿಂತದ್ದು ಕೃಷಿ ತ್ಯಾಜ್ಯ ಅಗ್ಗವಾಗಿ ಸಿಗುತ್ತದೆ ಎಂಬ ನಂಬಿಕೆಯ ಮೇಲೆ. ವಿಶ್ವೇಶ್ವರಯ್ಯ ನಾಲೆಯ ಈ ಸೀಮೆಯಲ್ಲಿ ಕಬ್ಬು, ಬತ್ತ, ತೆಂಗು ಧಾರಾಳವಾಗಿರುವುದರಿಂದ ಉಳಿಕೆಗೂ ಕೊರತೆಯಿಲ್ಲ. ಆದರೆ ತ್ಯಾಜ್ಯವೆನ್ನಬಹುದಾದದ್ದು ಎಷ್ಟು ಎಂಬುದು ಬೇರೆ ಪ್ರಶ್ನೆ. ಆಲೆಮನೆಯಲ್ಲಿ ಕಬ್ಬು ಅರೆದ ಮೇಲೆ ಉಳಿಯುವ ರಚ್ಚನ್ನು ಒಣಗಿಸಿ ಕೊಪ್ಪರಿಗೆಯ ಕೆಳಗೇ ಉರಿಸುತ್ತಾರೆ. ಸಕ್ಕರೆ ಕಾರ್ಖಾನೆಗಳ ಬಾಯ್ಲರಿಗೂ ಅದೇ ಉರುವಲು. ಹುಲ್ಲು ದನಕ್ಕೆ ಹೋಗುತ್ತದೆ. ಉಳಿಯುವುದು ಕಬ್ಬಿನ ತರಗು, ತೆಂಗಿನ ಗರಿ, ಮಟ್ಟೆ. ಅವನ್ನೇ ನೆಚ್ಚಿಕೊಂಡು 2001ರಲ್ಲಿ ಮಳವಳ್ಳಿ ತಾಲ್ಲೂಕಿನಲ್ಲಿ 4.5 ಮೆಗಾವಾಟ್ ಸಾಮರ್ಥ್ಯದ ಜೈವಿಕ ಇಂಧನ ವಿದ್ಯುತ್ ಸ್ಥಾವರ ಆರಂಭವಾಗಿತ್ತು, ಅಂದರೆ ಊರ್ಜಾ ಮಾರುಕಟ್ಟೆಗೆ ಬರುವುದಕ್ಕೆ 5 ವರ್ಷ ಮೊದಲು. ಬೇಡಿಕೆ ಬಂದ ವಸ್ತುವಿಗೆ ಬೆಲೆ ಬರುತ್ತದೆ. ಥರ್ಬರ್ ತಂಡ ಇಡೀ ಉದ್ಯಮದ ಬಗ್ಗೆ ಕಂಡುಕೊಂಡದ್ದೂ ಇದಕ್ಕೆ ಹೊಂದುತ್ತದೆ: ಮನೆಯವರಿಗೆ ಕೈಗೆಟಕುವ ಬೆಲೆಗೆ ಪೆಲೆಟ್ ಒದಗಿಸುವ ಸರಬರಾಜು ಕೂಡಿಬರಲಿಲ್ಲ.

  

7. ಚಳಿಗಾಲ

ಇಲ್ಲಿನ ಚಳಿಗಾಲದಲ್ಲಿ ಕೋಣೆ ಕಾಯಿಸುವ ಪ್ರಶ್ನೆಯಿಲ್ಲ. ಹೆಚ್ಚುವುದು ಬಚ್ಚಲಿನ ಬಿಸಿನೀರಿನ ಅಗತ್ಯ. 40 ಲೀಟರ್ ನೀರನ್ನು 20ರಿಂದ 45 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಸುಮಾರು 4.2 ಮೆಗಾಜೂಲ್ ಬೇಕು. 600 ಗ್ರಾಂ ಪೆಲೆಟ್, ಕಿಲೋಗೆ 16 ಮೆಗಾಜೂಲ್ ಮತ್ತು ಶೇ. 50 ದಕ್ಷತೆ ಎಂದು ಹಿಡಿದರೆ, ನೀರಿಗೆ ಕೊಡುವುದು 4.8 ಮೆಗಾಜೂಲ್. ಅಂದರೆ ಇಬ್ಬರ ಸ್ನಾನಕ್ಕೆ ಹೆಚ್ಚುಕಡಿಮೆ ಒಂದು ಪೂರ್ತಿ ಭರ್ತಿ. ಗರಿ, ಮಟ್ಟೆ ಏನು ತುರುಕಿದರೂ ಉರಿಯುವ ಹಂಡೆ ಒಲೆ ಪಕ್ಕದಲ್ಲಿರುವಾಗ ದುಡ್ಡು ಕೊಟ್ಟು ತಂದ ಪೆಲೆಟ್ಟನ್ನು ಇದಕ್ಕೆ ಸುಡುವ ಕಾರಣ ಕಾಣುವುದಿಲ್ಲ.

8. ಶೇ. 9 ಎಂಬ ಸಂಖ್ಯೆ

ಸಮೀಕ್ಷೆಯ ವೇಳೆಗೆ, ಊರ್ಜಾ ಕೊಂಡ ಮನೆಗಳಲ್ಲಿ ಶೇ. 9 ಮಾತ್ರ ಅದನ್ನು ಬಳಸುತ್ತಿದ್ದವು. ಲೇಖಕರು ಇದಕ್ಕೆ ಬಹುಪಾಲು ಪೆಲೆಟ್ಟಿನ ಬೆಲೆ ಮತ್ತು ಸರಬರಾಜನ್ನೇ ಕಾರಣವಾಗಿ ಕೊಡುತ್ತಾರೆ. ಈ ಟಿಪ್ಪಣಿ ಅದನ್ನು ಪ್ರಶ್ನಿಸುವುದಿಲ್ಲ. ಸೇರಿಸಬೇಕೆನಿಸುವುದು ಒಂದೇ ಅಂಶ: ಮೂಲೆ ಸೇರಿದ ಒಲೆಯನ್ನು ನೋಡಿ, ಕೆಟ್ಟ ಮೇಲೆ ಬಿಟ್ಟರೋ ಬಿಟ್ಟ ಮೇಲೆ ಕೆಟ್ಟಿತೋ ಎಂದು ಹೇಳಲಾಗದು. ಚಾರ್ಜ್ ಮಾಡದೆ ತಿಂಗಳುಗಟ್ಟಲೆ ಇಟ್ಟ ಬ್ಯಾಟರಿ ತಾನಾಗಿಯೇ ಸಾಯುತ್ತದೆ. ಪೆಲೆಟ್ ಸಿಗದ ಕಾಲದಲ್ಲಿ ಫ್ಯಾನಿಗೆ ಯಾರೂ ದುಡ್ಡು ಹಾಕುವುದಿಲ್ಲ. ಆದ್ದರಿಂದ ಸತ್ತ ಬ್ಯಾಟರಿ, ನಿಂತ ಫ್ಯಾನ್ ಇವನ್ನು ಒಲೆ ಬಿಟ್ಟದ್ದಕ್ಕೆ ಕಾರಣವೆಂದು ದಾಖಲಿಸುವ ಮೊದಲು, ಕೊನೆಯ ಪೆಲೆಟ್ ಚೀಲ ಕೊಂಡ ತಿಂಗಳನ್ನೂ ದುರಸ್ತಿಗೆ ಪ್ರಯತ್ನಿಸಿದ ತಿಂಗಳನ್ನೂ ಬೇರೆ ಬೇರೆಯಾಗಿ ಕೇಳಬೇಕಾಗುತ್ತದೆ.

ಉಜ್ವಲಾ ಯೋಜನೆಯ ಗ್ಯಾಸ್ ಸಂಪರ್ಕವೇ ಪೆಲೆಟ್ ಒಲೆಯನ್ನು ಮೂಲೆಗೆ ತಳ್ಳಿತು ಎಂಬ ವಿವರಣೆಗೆ ಕಾಲಾನುಕ್ರಮದ ಬೆಂಬಲವಿಲ್ಲ. ಸಮೀಕ್ಷೆ ಪ್ರಕಟವಾದದ್ದು 2014ರಲ್ಲಿ, ಉಜ್ವಲಾ ಆರಂಭವಾದದ್ದು 2016ರ ಮೇ 1ರಂದು. ಅಲ್ಲದೆ ಅದೇ ಸಮೀಕ್ಷೆಯ ಪ್ರಕಾರ ಊರ್ಜಾವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಂಡದ್ದು ಆಗಲೇ ಗ್ಯಾಸ್ ಬಳಸುತ್ತಿದ್ದ ಮನೆಗಳು. ಪೆಲೆಟ್ಟಿನಿಂದ ಅವರ ಖರ್ಚು ಇಳಿಯುತ್ತಿತ್ತು.